ಎರಡೂ ಊರು ಒಲ್ಲದ ಕೆರೆ

೧ ಏಪ್ರಿಲ್ ೧೯೭೯, ಭಾನುವಾರ

ಇಂದು ನನ್ನನ್ನು ಭೂಗೋಳ ಸಂಘದ ಕಾರ್ಯದರ್ಶಿ ಮಾಡಿದರು. ತಾರೀಖು ನೋಡಿ ತಮಾಷೆಯಿರಬೇಕು ಎಂದುಕೊಂಡೆ. ಅಲ್ಲ. ಹಿಂದಿನ ಕಾರ್ಯದರ್ಶಿಗೆ ನಾಸಿಕ್‌ಗೆ ವರ್ಗವಾಗಿದೆ. ಉಳಿದ ಒಂಬತ್ತು ಮಂದಿಯಲ್ಲಿ ಎಂಟು ಮಂದಿ ಏಕಕಾಲಕ್ಕೆ ನನ್ನತ್ತ ತಿರುಗಿದರು. ನಕ್ಷೆ ಪ್ರೆಸ್ಸಿಗೆ ಹೋಗುವವರೆಗೆ ಮಾತ್ರ, ಒಂದು ದಿನವೂ ಹೆಚ್ಚಿಗೆ ಇಲ್ಲ ಎಂದೆ. ಅಧ್ಯಕ್ಷ ಪಟ್ಟಾಭಿರಾಮಯ್ಯನವರು ಅದನ್ನು 'ಸಂತೋಷದಿಂದ ಒಪ್ಪಿಕೊಂಡರು' ಎಂದು ನಡಾವಳಿಯಲ್ಲಿ ಬರೆದುಕೊಂಡರು. ಅವರು ನಿವೃತ್ತ ಭೂಗೋಳದ ಮೇಷ್ಟ್ರು. ಬೇರೆಯವರ ಉತ್ತರ ತಿದ್ದುವ ಅಭ್ಯಾಸ ಇನ್ನೂ ಹೋಗಿಲ್ಲ.

ಸಂಘದ ಆಸ್ತಿಯೆಂದರೆ ಕಾರ್ಖಾನೆ ಕ್ವಾರ್ಟರ್ಸಿನ ವಾಚನಾಲಯದ ಹಿಂದಿನ ಕೋಣೆಯಲ್ಲಿರುವ ಒಂದು ಬೀರು, ಪೆಸಿಫಿಕ್ ಸಾಗರದಲ್ಲಿ ತಗ್ಗು ಬಿದ್ದ ಒಂದು ಗ್ಲೋಬು, ಮತ್ತು ಮೂರು ವರ್ಷದಿಂದ ನಾನು ಬರೆಯುತ್ತಿರುವ ನಮ್ಮ ಹೋಬಳಿಯ ನಕ್ಷೆ. ಹಗಲು ಕಾರ್ಖಾನೆಯ ಡ್ರಾಯಿಂಗ್ ಆಫೀಸಿನಲ್ಲಿ ಟ್ರೇಸರ್ ಆಗಿ ಯಂತ್ರದ ಬಿಡಿಭಾಗಗಳನ್ನು ಬರೆಯುತ್ತೇನೆ; ಸಂಜೆ ಊರು, ಕೆರೆ, ತೋಪು, ಬಂಡಿದಾರಿ. ಎಲ್ಲ ಹೆಸರೂ ಕನ್ನಡದಲ್ಲಿ. ಹೋಬಳಿಯ ಪ್ರತಿ ಶಾಲೆಗೂ ಒಂದು ಪ್ರತಿ ಕೊಡಬೇಕೆಂಬುದು ಸಂಘದ ಆಸೆ. ಅಚ್ಚು ಹಾಕಿಕೊಡುವವರು ಮೇಷ್ಟ್ರ ಹಳೆಯ ಶಿಷ್ಯರು, ಪುಕ್ಕಟೆಯಾಗಿ. ಆದರೆ ಅವರು ಪ್ರೆಸ್ಸು ಮಾರಿದ್ದಾರೆ. ಜೂನ್ ಮೊದಲ ದಿನ ಕೀಲಿಕೈ ಹೊಸಬರಿಗೆ ಹೋಗುತ್ತದೆ. ಮೇ ತಿಂಗಳೊಳಗೆ ನಕ್ಷೆ ತಲುಪದಿದ್ದರೆ ಮೂರು ವರ್ಷದ ಕೆಲಸ ಬೀರುವಿನಲ್ಲಿ, ಗ್ಲೋಬಿನ ಪಕ್ಕದಲ್ಲಿ.

ಸಂಘಕ್ಕೆ ಎರಡು ನಿಯಮಗಳಿವೆ. ಎರಡು ಕ್ಷೇತ್ರಕಾರ್ಯಕ್ಕೆ ಬಂದವರು ತಾವಾಗಿಯೇ ಸದಸ್ಯರು. (ಸಿವಿಲ್ ವಿಭಾಗದ ಉಪೇಂದ್ರ ಸದಸ್ಯರಾದದ್ದು ಹೀಗೆ, ಎರಡು ಸಲವೂ ಪುಳಿಯೋಗರೆಗೆ ಬಂದಿದ್ದರು.) ಎರಡನೆಯದು, ಊರಿನ ಹಿರಿಯರು ಒಪ್ಪಿ ರುಜು ಹಾಕದ ಹೆಸರನ್ನು ನಕ್ಷೆಯಲ್ಲಿ ಬರೆಯುವಂತಿಲ್ಲ. ಎಲ್ಲವೂ ಮುಗಿದು ಒಂದು ಹೆಸರು ಮಾತ್ರ ಬಾಕಿ ಇದೆ: ಹುಲ್ಲೇನಹಳ್ಳಿಗೂ ಸೀಗೇಪಾಳ್ಯಕ್ಕೂ ನಡುವಿನ ಕೆರೆ. ಸೀಗೇಪಾಳ್ಯದಲ್ಲಿ ನಾನು ಬಾಡಿಗೆಗಿರುವ ಮನೆ ಅದರ ಏರಿಯ ಕೆಳಗೇ ಇದೆ. ಆರು ವರ್ಷವಾಯಿತು. ಹೆಸರು ಕೇಳುವ ಸಂದರ್ಭ ಬಂದಿರಲಿಲ್ಲ.

ಮನೆಯೊಡತಿ ಮುನಿಯಕ್ಕ ಕಿಟಕಿಯಲ್ಲಿ ಮುಖವಿಟ್ಟು, "ಏನ್ ಪಂಕಜಮ್ಮ, ಬಾನ್ವಾರಾನೂ ಆಪೀಸಾ?" ಎಂದರು. ಅಲ್ಲ ಎಂದು ಹೇಳಿ ಕಿಟಕಿ ಮುಚ್ಚಿದೆ. ಚಳಿದೇಶದ ಅನುವಾದಿತ ಕಾದಂಬರಿಯೊಂದನ್ನು ಓದುತ್ತಿದ್ದೇನೆ. ಒಬ್ಬೊಬ್ಬ ಮನುಷ್ಯನಿಗೂ ಮೂರು ಮೂರು ಹೆಸರು: ತಾಯಿ ಕರೆಯುವುದೊಂದು, ಮೇಲಧಿಕಾರಿ ಕರೆಯುವುದು ಇನ್ನೊಂದು. ಒಂದು ವಸ್ತುವಿಗೆ ಒಂದು ಹೆಸರಿದ್ದರೆ ಸಾಕು. ೧೧೨ನೆಯ ಪುಟದಲ್ಲಿ ಗುರುತಿನ ದಾರ ಇಟ್ಟಿದ್ದೇನೆ.

೮ ಏಪ್ರಿಲ್, ಭಾನುವಾರ

ಮೇಷ್ಟ್ರು, ಉಪೇಂದ್ರ, ನಾನು ಹುಲ್ಲೇನಹಳ್ಳಿಗೆ ಹೋದೆವು. ಊರ ಹಿರಿಯ ರಾಮಾಂಜಿನಪ್ಪ ಎಳನೀರು ಕೊಟ್ಟು ಕೂರಿಸಿದರು. ಕೆರೆಯ ಹೆಸರು ಕೇಳಿದ್ದೇ ತಡ, ಕೈ ಅಲ್ಲಾಡಿಸಿದರು.

"ಅಯ್ಯೋ ಸಾರ್, ನಮ್ದೆಲ್ಲಿ ಬಂತು? ಸೀಗೇಪಾಳ್ಯದ್ದು. ಸೂರ್ಯ ಚಂದ್ರ ಇರೋಗಂಟ ಅದು ಸೀಗೇಪಾಳ್ಯದ ಕೆರೇನೇ. ಅವರಿಗೇ ಇರ್ಲಿ."

ಇಷ್ಟು ಸುಲಭವೇ ಎಂದುಕೊಂಡು ಏರಿಯ ಮೇಲೆ ನಡೆದು ಸೀಗೇಪಾಳ್ಯಕ್ಕೆ ಬಂದೆವು. ಕಳೆದ ವರ್ಷದ ಮಳೆಯ ನೀರು ಇನ್ನೂ ಅರ್ಧ ಕೆರೆಯಷ್ಟಿದೆ. ಏರಿಯ ಕೆಳಮಗ್ಗುಲಲ್ಲಿ ಒಂದು ಕಡೆ ನೆಲ ಒದ್ದೆಯಾಗಿತ್ತು. ನಕ್ಷೆಯಲ್ಲಿ ತೋರಿಸುವಷ್ಟು ದೊಡ್ಡದಲ್ಲ. ನಲ್ಲಪ್ಪನವರು ಜಗಲಿಯ ಮೇಲೆ ಹುರಿ ಹೊಸೆಯುತ್ತಿದ್ದರು.

"ಯಾರು, ರಾಮಾಂಜಿನಪ್ಪ ಅಂಗಂದ್ನಾ? ದೊಡ್ಡ ಮನುಸ, ಆದ್ರೆ ಸುಳ್ಳ. ಅದು ಹುಲ್ಲೇನಹಳ್ಳಿ ಕೆರೆ ಮೇಡಂ. ಇನ್ನೊಬ್ರ ಸ್ವತ್ತು ನಮಗ್ಯಾಕೆ ಏಳಿ? ಬ್ಯಾಡ ಬ್ಯಾಡ."

ರುಜು ಹಾಕಲು ಇಬ್ಬರೂ ಸಿದ್ಧ, ಆದರೆ ಇನ್ನೊಂದು ಊರಿನ ಹೆಸರಿಗೆ. ದಾರಿಯಲ್ಲಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಪ್ರಪಂಚದಲ್ಲಿ ಒಂದು ಬೋಳುಬಂಡೆಗಾಗಿ ದೇಶ ದೇಶಗಳು ಹಡಗು ಕಳಿಸ್ತವೆ ಪಂಕಜಾ. ಇಲ್ಲಿ ನೋಡಮ್ಮ, ಇಡೀ ಕೆರೇನೇ ಒಬ್ಬರಿಗೊಬ್ಬರು ಧಾರೆ ಎರೀತಿದಾರೆ!"

ನನಗೂ ಸ್ವಲ್ಪ ಹಾಗೆಯೇ ಅನ್ನಿಸಿತು.

೧೫ ಏಪ್ರಿಲ್, ಭಾನುವಾರ

ಸಭೆ. ಮೇಷ್ಟ್ರು 'ಎರಡು ಗ್ರಾಮಗಳ ಔದಾರ್ಯ' ಎಂಬ ಲೇಖನ ಬರೆದು ತಂದಿದ್ದರು, ಪೂರ್ತಿ ಓದಿದರು. ಆಮೇಲೆ ಔದಾರ್ಯದಲ್ಲಿ ಯಾವ ಊರಿನದು ಹೆಚ್ಚು, ಯಾವ ಹೆಸರು ಬರೆಯಬೇಕು ಎಂದು ಚರ್ಚೆ. ಮೇಷ್ಟ್ರು ಸೀಗೇಪಾಳ್ಯ ಎಂದರು. ಬಸ್ಸಿನವರು ಹುಲ್ಲೇನಹಳ್ಳಿ ಕೆರೆ ಎಂದು ಕೂಗುತ್ತಾರೆ ಎಂದು ಉಪೇಂದ್ರ. "ಬಸ್ಸಿನವನು ಮರವೇ ಇಲ್ಲದ ಜಾಗಕ್ಕೆ ಹುಣಸೇಮರ ಸ್ಟಾಪ್ ಅಂತಾನಲ್ಲಯ್ಯ" ಎಂದರು ಮೇಷ್ಟ್ರು. "ಮರ ಹೋದ್ರೂ ಜನ ಅಲ್ಲೇ ಇಳೀತಾರಲ್ಲ ಸಾರ್" ಎಂದರು ಉಪೇಂದ್ರ. ಈ ಹುಣಸೆಮರದ ವಿಷಯ ನಮ್ಮ ಸಂಘದಲ್ಲಿ ಎದ್ದರೆ ಒಂದು ಗಂಟೆಯ ಮೊದಲು ಕೂರುವುದಿಲ್ಲ.

ಐದಕ್ಕೆ ನಾಲ್ಕು ಮತದಿಂದ ಸೀಗೇಪಾಳ್ಯ. ಹೇಗಾದರೂ ಹಿರಿಯರನ್ನು ಒಪ್ಪಿಸಿ ರುಜು ಪಡೆಯುವುದೆಂದು ತೀರ್ಮಾನವಾಗಿ, ಕೋಣೆಯಲ್ಲೇ ಕೂತು ಇಂಡಿಯನ್ ಇಂಕಿನಲ್ಲಿ ಬರೆದೆ. ಬರೆದು ಮುಗಿಸುವಷ್ಟರಲ್ಲಿ ಒಬ್ಬರು ಮನಸ್ಸು ಬದಲಾಯಿಸಿದರು. ಬ್ಲೇಡಿನಿಂದ ಹೆರೆದು ತೆಗೆದೆ.

೨೨ ಏಪ್ರಿಲ್

ಬರೆದೆ. ಹೆರೆದೆ. ನಲ್ಲಪ್ಪನವರೇ ವಾಚನಾಲಯಕ್ಕೆ ಬಂದು, "ನಮ್ಮೂರ ಎಸ್ರು ಹಾಕಿದ್ರೆ ನಾವು ಸುಮ್ಕಿರಾಕಿಲ್ಲ" ಎಂದು ಹೇಳಿ, ಗ್ಲೋಬನ್ನು ಒಂದು ಸುತ್ತು ತಿರುಗಿಸಿ ಹೋದರು. ಔದಾರ್ಯಕ್ಕೆ ಇಷ್ಟು ಸಿಟ್ಟು ಏಕೆ ಎಂದು ಉಪೇಂದ್ರ ಕೇಳಿದರು. ನನಗೂ ತಿಳಿಯಲಿಲ್ಲ. ಟ್ರೇಸಿಂಗ್ ಕಾಗದ ಆ ಜಾಗದಲ್ಲಿ ತೆಳ್ಳಗಾಗಿದೆ.

೨೮ ಏಪ್ರಿಲ್, ಶನಿವಾರ

ಮಧ್ಯಾಹ್ನ ಗುಡುಗಿ ಒಂದು ಮಳೆ. ಸಂಜೆ ಮುನಿಯಕ್ಕ ಹಿತ್ತಲಲ್ಲಿ ಬದನೆ ಸಾಲುಗಳ ನಡುವೆ ನಿಂತು ಕಾಲ ಹೆಬ್ಬೆರಳಿನಿಂದ ಮಣ್ಣು ಒತ್ತಿ ನೋಡುತ್ತಿದ್ದರು. ಕಿಟಕಿ ಮುಚ್ಚಲು ಹೋದವಳು, ಅವರ ಮುಖ ನೋಡಿ ಏನಾಯಿತು ಎಂದು ಕೇಳಿದೆ.

"ಇದು ಮಳೆ ನೀರಲ್ಲ ಪಂಕಜಮ್ಮ. ಒಂದು ತಿಂಗ್ಳಿಂದ ಈ ಸಾಲಿಗೆ ನಾನು ನೀರೇ ಕಟ್ಟಿಲ್ಲ. ತಾನೇ ತೇವ. ಏರಿ ಜಿನುಗ್ತಾ ಐತೆ. ಕೆರೆ ತುಂಬಿದ್ರೆ ಮೊದ್ಲು ನನ್ ಬದನೆ, ಆಮೇಲೆ ನಿಮ್ ಬುಕ್ಕು, ಆಮೇಲೆ ಎರಡೂರ ಗದ್ದೆ."

ಹಾಗಾದರೆ ಕಟ್ಟಿಸಬಾರದೇ ಎಂದೆ.

"ಯಾರು ಕಟ್ತಾರೆ? ಅದ್ಕೇ ತಾನೇ ಇಬ್ರೂ ಎಸ್ರು ಬ್ಯಾಡ ಅಂತಿರೋದು!"

ಬೇಲಿಯ ಕಲ್ಲಿನ ಮೇಲೆ ಕೂತು ಎಲ್ಲ ಹೇಳಿದರು. ಅವರು ಹುಟ್ಟಿದ್ದು ಹುಲ್ಲೇನಹಳ್ಳಿಯಲ್ಲಿ, ಕೊಟ್ಟದ್ದು ಸೀಗೇಪಾಳ್ಯಕ್ಕೆ. ಎರಡೂ ಊರನ್ನು ಬಯ್ಯುವ ಹಕ್ಕು ತನಗೆ ಮಾತ್ರ ಇದೆಯಂತೆ. ಕೆರೆಗೆ ಯಾವ ಊರಿನ ಹೆಸರೋ ಆ ಊರಿನವರೇ ಯುಗಾದಿ ಕಳೆದ ಮೇಲೆ ಮನೆಗೊಂದು ಆಳಿನಂತೆ ಬಂದು ಏರಿ ಭದ್ರ ಮಾಡಬೇಕು. ಇದು ಇಲ್ಲಿಯ ಕಟ್ಟಲೆ. ಅವರ ಮಾವನ ಕಾಲದಲ್ಲಿ ಎರಡೂ ಊರು ಸೇರಿ ಮಾಡುತ್ತಿದ್ದರು. ಒಂದು ವರ್ಷ ಮಧ್ಯಾಹ್ನದ ಮುದ್ದೆ ಯಾವ ಊರಲ್ಲಿ ಬೇಯಬೇಕೆಂದು ಜಗಳವಾಯಿತು. ಅಂದಿನಿಂದ ಕೆರೆ ನಿಮ್ಮದು, ನಿಮ್ಮದು ಎಂದು ಆ ಕಡೆಯವರು ಈ ಕಡೆಗೂ ಈ ಕಡೆಯವರು ಆ ಕಡೆಗೂ ತಳ್ಳುತ್ತಿದ್ದಾರೆ.

"ಈಗ ನೀವು ಅಚ್ಚು ಹಾಕ್ಸಿ ಇಸ್ಕೂಲಲ್ಲಿ ತಗಲಾಕಿದ್ರೆ ತೀರ್ತಲ್ಲ! ಯಾವೂರು ಅಂತ ಬರೀತೀರೋ ಆ ಊರಿನವರ ಸೊಂಟ ಮುರೀತು. ಅದ್ಕೇ ಇಬ್ರಿಗೂ ನಡುಕ."

"ಇದನ್ನು ಮೊದಲೇ ಹೇಳಬಾರದಿತ್ತೇ ಮುನಿಯಕ್ಕ?"

"ನೀವು ಯಾವತ್ತು ಕೇಳಿದ್ರಿ? ಆರು ವರ್ಸದಿಂದ ಕಿಟಕಿ ಮುಚ್ಚೋ ಸದ್ದು ತಾನೇ ನಾನು ಕೇಳಿರೋದು."

ಅವರು ಕೊಟ್ಟ ಹಲಸಿನ ತೊಳೆಗಳನ್ನು ಅಲ್ಲೇ ನಿಂತು ತಿಂದೆ. ಔದಾರ್ಯದ ಲೇಖನ ನೆನಪಾಗಿ ಒಬ್ಬಳೇ ನಗುತ್ತಿದ್ದೆ. ಮುನಿಯಕ್ಕ ಏನೆಂದು ಕೇಳಿದರು, ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ಮೇಷ್ಟ್ರಿಗೆ ಹೇಗೆ ತಿಳಿಸುವುದೋ ಗೊತ್ತಿಲ್ಲ.

೬ ಮೇ, ಭಾನುವಾರ

ನಾನು ತಿಳಿಸಬೇಕಾಗಲಿಲ್ಲ. ಏರಿಯ ಮೇಲೆ ಹೊಂಗೆ ಮರದ ಕೆಳಗೆ ಎರಡೂ ಊರಿನವರನ್ನು ಮೇಷ್ಟ್ರು ಸೇರಿಸಿದ್ದರು. ಮೊದಲು ಹಿರಿಯರಿಬ್ಬರಿಗೂ ಶಾಲು ಹೊದಿಸಬೇಕೆಂದಿದ್ದರು. ಶಾಲಿನ ಗಂಟು ಬಿಚ್ಚುವ ಮೊದಲೇ ಜಗಳ ಶುರುವಾಯಿತು.

"ದಿನಾ ಬೆಳಗಾದ್ರೆ ಯಾವೂರ ಎಮ್ಮೆ ಬೀಳೋದು ಕೆರೇಲಿ? ಹುಲ್ಲೇನಹಳ್ಳಿವು. ಎಮ್ಮೆ ಯಾರ್ದೋ ಕೆರೇನೂ ಅವರ್ದೇ" ಎಂದರು ನಲ್ಲಪ್ಪ.

"ಅಂಗೋ? ಈಜೋ ಐಕ್ಳೆಲ್ಲಾ ನಿಮ್ಮೂರವು. ಅವುನ್ನೂ ನಮ್ಗೇ ಬರ್ಕೊಡ್ತೀಯಾ?" ಎಂದರು ರಾಮಾಂಜಿನಪ್ಪ.

"ಕರ್ಕೊಂಡೋಗು. ಮುದ್ದೆ ಹಾಕಿ ಸಾಕು."

"ಮುದ್ದೆ ಮಾತೆತ್ತಬ್ಯಾಡ ನಲ್ಲಪ್ಪ! ಅವತ್ತೂ ಮುದ್ದೇಲೇ ಮೋಸ ಮಾಡಿದ್ದು ನಿಮ್ಮಪ್ಪ!"

ಉಪೇಂದ್ರ ಮೆಲ್ಲಗೆ, "ಸಾರ್, ಇದು ದಾನ ಅಲ್ಲ ಸಾರ್. ಕೆಲಸ ತಪ್ಪಿಸ್ಕೊಳ್ಳೋದು" ಎಂದರು. ಮೇಷ್ಟ್ರು ಶಾಲನ್ನು ಮತ್ತೆ ಗಂಟು ಕಟ್ಟಿದರು. ನನ್ನತ್ತ ನೋಡಿ, "ನಿನಗೆ ಗೊತ್ತಿತ್ತೇನಮ್ಮ?" ಎಂದರು. ಹೂಂ ಎಂದೆ. "ಲೇಖನ ಪತ್ರಿಕೆಗೆ ಕಳಿಸಿಬಿಟ್ಟೆನಲ್ಲ" ಎಂದರು. ಮುಖ ತುಂಬ ಸಣ್ಣದಾಗಿತ್ತು.

ಆಮೇಲೆ, ಜಿನುಗುವ ಜಾಗ ಯಾವುದು ಎಂದು ಕೇಳಿದರು. ಮುನಿಯಕ್ಕ ತೋರಿಸಿದರು. ಮೇಷ್ಟ್ರು ಕೆಳಗಿಳಿದು ಕೊಡೆಯ ತುದಿಯನ್ನು ಅಲ್ಲಿ ಊರಿದರು. ಕೊಡೆ ತಡೆಯಿಲ್ಲದೆ ಅರ್ಧದವರೆಗೆ ಇಳಿಯಿತು. ಎಳೆದಾಗ ಬರಲಿಲ್ಲ, ಉಪೇಂದ್ರ ಎಳೆದುಕೊಟ್ಟರು. ಜಗಳ ನಿಂತಿತು.

"ಮುಂದಿನ ಭಾನುವಾರ ಸಂಘದ ಕ್ಷೇತ್ರಕಾರ್ಯ ಇಲ್ಲಿ. ಎಲ್ಲ ಸದಸ್ಯರೂ ಗುದ್ದಲಿ ತರತಕ್ಕದ್ದು" ಎಂದರು ಮೇಷ್ಟ್ರು.

"ಬಿಡಿ ಮೇಷ್ಟ್ರೇ, ನಿಮಗ್ಯಾಕೆ ಈ ರಗಳೆ?" ಎಂದರು ನಲ್ಲಪ್ಪ.

"ನಕ್ಷೆಯಲ್ಲಿ ಕೆರೆ ಬರೆದಿದ್ದೇವಪ್ಪ. ಅಚ್ಚಾಗಿ ಬರುವ ಹೊತ್ತಿಗೆ ಕೆರೆಯೇ ಇಲ್ಲದಿದ್ದರೆ ನಕ್ಷೆ ತಪ್ಪಾಗುತ್ತೆ. ತಪ್ಪು ನಕ್ಷೆ ನಾನು ಮಕ್ಕಳಿಗೆ ಕೊಡೋಲ್ಲ."

೧೦ ಮೇ

ಸಂಘದಲ್ಲಿ ಯಾರ ಬಳಿಯೂ ಗುದ್ದಲಿ ಇಲ್ಲ. ಉಪೇಂದ್ರರ ಬಳಿ ಒಂದು ತೋಟದ ಕತ್ತರಿ ಇದೆಯಂತೆ.

೧೩ ಮೇ, ಭಾನುವಾರ

ಕೈ ಬೊಬ್ಬೆ ಬಂದಿದೆ. ಅಕ್ಷರ ಚೆನ್ನಾಗಿ ಬರುತ್ತಿಲ್ಲ. ಆದರೂ ಬರೆಯಬೇಕು.

ಮುನಿಯಕ್ಕ ಎರಡು ಗುದ್ದಲಿ, ಮೂರು ಮಂಕರಿ ಕೊಟ್ಟರು. ಬೆಳಿಗ್ಗೆ ಬಿಸಿಲೇರುವ ಮೊದಲೇ ಒಂಬತ್ತು ಮಂದಿಯೂ ಏರಿಯ ಮೇಲಿದ್ದೆವು. ಮೇಷ್ಟ್ರು ಕೋಟು ಕಳಚಿ ಹೊಂಗೆ ಕೊಂಬೆಗೆ ಹಾಕಿ, ಮೊದಲ ಮಂಕರಿ ಮಣ್ಣು ತಾವೇ ಹೊತ್ತು ಹಾಕಿದರು. ಎರಡನೆಯ ಮಂಕರಿಗೆ ಅವರನ್ನು ಮರದ ನೆರಳಿಗೆ ಕಳಿಸಿದೆವು. ಉಪೇಂದ್ರ ಇಳಿಜಾರಿನ ಲೆಕ್ಕವನ್ನು ಸಿಗರೇಟು ಪ್ಯಾಕಿನ ಮೇಲೆ ಮಾಡಿದರು. ಲೆಕ್ಕ ಸರಿಯಾಗಿತ್ತು. ನಾವು ಹಾಕಿದ ಮಣ್ಣು ಮಾತ್ರ ಹಾಕಿದ ಹಾಗೆಯೇ ಕೆಳಗೆ ಜಾರುತ್ತಿತ್ತು.

ಎರಡೂ ಊರಿನವರು ಏರಿಯ ಎರಡು ತುದಿಗಳಲ್ಲಿ ಕೂತು ನೋಡುತ್ತಿದ್ದರು. ಮೊದಲು ನಕ್ಕರು. ನನ್ನ ಗುದ್ದಲಿಯ ಕಾವು ಕಳಚಿ ಬಂದಾಗ ತುಂಬ ನಕ್ಕರು. ಆಮೇಲೆ ನಗು ನಿಂತಿತು. ನಮ್ಮ ಕೆಲಸ ನೋಡಲು ಅವರಿಗೆ ಸಂಕಟವಾಗುತ್ತಿತ್ತು ಎಂದು ತೋರುತ್ತದೆ. ಮೊದಲು ಬಂದವರು ಮುನಿಯಕ್ಕ.

"ಕೊಡಿ ಇಲ್ಲಿ ಪಂಕಜಮ್ಮ. ಅದು ಲೇಖನಿ ಇಡ್ಕೊಂಡಂಗೆ ಇಡ್ಕೊಳೋದಲ್ಲ."

ಅವರ ಹಿಂದೆ ರಾಮಾಂಜಿನಪ್ಪ, ತಡೆಯಲಾರದವರಂತೆ: "ಒಣ ಮಣ್ಣು ಹಾಕ್ತೀರಲ್ಲ ಸಾರ್, ಬುದ್ಧಿ ಐತಾ ನಿಮಗೆ? ಜೇಡಿ ತರ್ಬೇಕು, ತುಳೀಬೇಕು." ಅವರು ಇಳಿದದ್ದು ಕಂಡು ಆ ತುದಿಯಿಂದ ನಲ್ಲಪ್ಪ, "ಅವನಿಗೇನ್ ಗೊತ್ತು ಜೇಡಿ? ನಮ್ ಕಡೆ ಜೇಡಿ ನೋಡು ಬಾ" ಎಂದು ಗಾಡಿ ಹೂಡಿಸಿದರು. ಒಂದು ಸಲ ಗಾಡಿ ಬಂದ ಮೇಲೆ ಜನ ತಾವಾಗಿಯೇ ಬಂದರು. ಒದ್ದೆ ಮಣ್ಣನ್ನು ಅಗೆದು ತೆಗೆದು, ಜೇಡಿ ತುಂಬಿ, ಸಾಲಾಗಿ ನಿಂತು ತುಳಿದೆವು. ನನ್ನ ಎಡಕ್ಕೆ ಯಾರೋ ಹುಲ್ಲೇನಹಳ್ಳಿಯ ಸೊಸೆ, ಬಲಕ್ಕೆ ಉಪೇಂದ್ರ. ನನ್ನ ಸೀರೆ ಮೊಣಕಾಲವರೆಗೆ ಕೆಸರು. ಕಾರ್ಖಾನೆಯಲ್ಲಿ ಯಾರಾದರೂ ನೋಡಿದ್ದರೆ ಗುರುತು ಹಿಡಿಯುತ್ತಿರಲಿಲ್ಲ.

ಇನ್ನೊಂದು ಭಾನುವಾರದ ಕೆಲಸವಿದೆ. ಕೆರೆಗೆ ಹೆಸರಿಲ್ಲ. ಪ್ರೆಸ್ಸಿನ ಗಡುವು ಹತ್ತಿರ ಬಂತು. ಈ ಕೊನೆಯ ಎರಡು ವಾಕ್ಯಗಳನ್ನು ಬರೆಯುವವರೆಗೆ ಇಂದು ಅವು ನೆನಪೇ ಆಗಿರಲಿಲ್ಲ.

೧೭ ಮೇ

ಕಾರ್ಖಾನೆ ಬಸ್ಸಿನಲ್ಲಿ ಇಬ್ಬರು ನನ್ನ ಕೈಯ ಬೊಬ್ಬೆ ನೋಡಿ ಕೇಳಿದರು. ಹೇಳಿದೆ. ಮಾರತ್ತಹಳ್ಳಿ ಬರುವವರೆಗೂ ಹೇಳುತ್ತಿದ್ದೆನಂತೆ.

೨೦ ಮೇ, ಭಾನುವಾರ

ಏರಿ ಮುಗಿಯಿತು. ಮೇಲೆ ಗರಿಕೆ ಹೆಂಟೆಗಳನ್ನು ಸಾಲಾಗಿ ಕೂರಿಸಿದ್ದೇವೆ. ಮಳೆಗೆ ಬೇರು ಹಿಡಿಯುತ್ತವೆ. ಮುದ್ದೆ ಎಲ್ಲಿ ಬೇಯಬೇಕೆಂಬ ಪ್ರಶ್ನೆ ಬಂತು. "ಇಟ್ಟು ಎರಡೂರಿಂದ ಬರ್ಲಿ, ಬೇಯೋದು ನನ್ ಒಲೇಲಿ. ತಕರಾರು ಇರೋರು ಉಪವಾಸ" ಎಂದರು ಮುನಿಯಕ್ಕ. ಯಾರಿಗೂ ತಕರಾರು ಇರಲಿಲ್ಲ. ಬದನೆಕಾಯಿ ಸಾರು. ಅದೇ ಸಾಲಿನ ಬದನೆ.

ಊಟವಾದ ಮೇಲೆ ನಾನೇ ಎದ್ದು ನಿಂತು, ಹೆಸರು ಇಂದೇ ಆಗಬೇಕು, ಇಲ್ಲದಿದ್ದರೆ ನಕ್ಷೆಯೇ ಇಲ್ಲ ಎಂದೆ. ಇಷ್ಟು ಜನರ ಮುಂದೆ ಮಾತಾಡಿದ್ದು ಇದೇ ಮೊದಲು. ರಾಮಾಂಜಿನಪ್ಪ, ನಲ್ಲಪ್ಪ ಇಬ್ಬರೂ ಹೊಂಗೆ ಮರದ ಆಚೆಗೆ ಹೋಗಿ ಒಂದು ಬೀಡಿ ಸೇದುವಷ್ಟು ಹೊತ್ತು ಮಾತಾಡಿದರು. ಅವರಿಬ್ಬರೇ ನಿಂತು ಮಾತಾಡಿದ್ದನ್ನು ಊರು ಕಂಡು ವರ್ಷಗಳಾಗಿತ್ತಂತೆ. ನಗುತ್ತಾ ಬಂದರು.

"ಈ ಸಲ ಏರಿಗೆ ಮೊದಲ್ನೇ ಮಂಕರಿ ಮಣ್ಣು ಯಾರು ಹಾಕಿದ್ದು?" ಎಂದು ರಾಮಾಂಜಿನಪ್ಪ ಎಲ್ಲರನ್ನೂ ಕೇಳಿದರು.

"ಮೇಷ್ಟ್ರು!" ಎಂದಿತು ಗುಂಪು.

"ಮೇಷ್ಟ್ರು ಅಂದ್ರೆ ಯಾರು? ಸಂಘ. ಅಂದ್ಮೇಲೆ ಇನ್ನೇನು, ಇದು ಸಂಘದ ಕೆರೆ" ಎಂದರು ನಲ್ಲಪ್ಪ. "ಬರ್ಕೊಳ್ಳಿ ಮೇಡಂ. ರುಜು ಎಲ್ಲಿ ಹಾಕ್ಬೇಕು ತೋರ್ಸಿ, ಬೇಗ."

ರಾಮಾಂಜಿನಪ್ಪ ರುಜು ಹಾಕಿ ತಮ್ಮ ಪೆನ್ನನ್ನೇ ನಲ್ಲಪ್ಪನವರಿಗೆ ಕೊಟ್ಟರು. ಮೇಷ್ಟ್ರ ಕಣ್ಣು ತುಂಬಿತ್ತು. "ಅಷ್ಟು ದೊಡ್ಡ ಗೌರವಕ್ಕೆ ನಾವು ಅರ್ಹರಲ್ಲಪ್ಪ" ಎಂದು ಕೈ ಮುಗಿದರು. "ಅಯ್ಯೋ ಇದೀರಿ ಇದೀರಿ, ನೀವೇ ಸರಿ!" ಎಂದು ಇಬ್ಬರೂ ಒಟ್ಟಿಗೆ ಹೇಳಿದರು. ಮುನಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನು ನೋಡಿದರು. ನನಗೆ ಅರ್ಥವಾಯಿತು.

ಪ್ರತಿ ವರ್ಷ ಯುಗಾದಿ ಕಳೆದ ಮೇಲೆ ಏರಿಯ ಕೆಲಸ ಯಾರದು ಎಂಬುದನ್ನು ಕಾರ್ಯದರ್ಶಿಯಾದ ನಾನು ಅಧ್ಯಕ್ಷರ ಗಮನಕ್ಕೆ ತರಬೇಕಿತ್ತು. ತರಲಿಲ್ಲ. ಏಕೆ ಎಂದು ಬರೆಯಲು ಹೊರಟರೆ ಸರಿಯಾದ ಕಾರಣ ಸಿಗುತ್ತಿಲ್ಲ. ಅವರು ಕೋಟು ಹೊಂಗೆ ಮರದಲ್ಲೇ ಮರೆತು ಹೋಗಿದ್ದರು, ಕೊಟ್ಟುಬಂದೆ.

೨೬ ಮೇ, ಶನಿವಾರ

ಹೆಸರು ಬರೆಯಲು ಹಳೆಯ ಗುರುತು ಹೆರೆದಾಗ ಕಾಗದ ತೂತಾಯಿತು, ಸರಿಯಾಗಿ ಕೆರೆಯ ನಡುವೆ. ಹಿಂದಿನಿಂದ ತೇಪೆ ಹಾಕಿ, ಅಂಚು ಉಜ್ಜಿ ನಯ ಮಾಡಿದೆ. ಮುನಿಯಕ್ಕ ಕಿಟಕಿಯಿಂದ ನೋಡುತ್ತಿದ್ದರು. "ಒಳಗೆ ಬನ್ನಿ, ಅಲ್ಲಿಂದ ಬೆಳಕಿಗೆ ಅಡ್ಡ" ಎಂದೆ. ಬಂದು, ನನ್ನ ಕೈ ಅಲುಗುತ್ತದೆಂದು ಉಸಿರು ಬಿಗಿಹಿಡಿದು ಕೂತರು. 'ಸಂಘದ ಕೆರೆ.' ಐದು ಅಕ್ಷರ. ಮೂರು ವರ್ಷದಲ್ಲಿ ಇಷ್ಟು ಚೆನ್ನಾಗಿ ಬಂದ ಅಕ್ಷರಗಳು ಬೇರೆ ಇಲ್ಲ.

೩೦ ಮೇ

ನಕ್ಷೆ ಪ್ರೆಸ್ಸಿಗೆ ಹೋಯಿತು. ಮಾತಿನಂತೆ ನನ್ನ ಕಾರ್ಯದರ್ಶಿ ಕೆಲಸ ಇಂದಿಗೆ ಮುಗಿಯಿತು. ಮುಂದಿನ ಸಭೆ ಜೂನ್ ಹತ್ತಕ್ಕೆ. ಎಲ್ಲರಿಗೂ ನಾಳೆಯೇ ತಿಳಿಸಬೇಕು.

೨೧ ಜೂನ್

ನಿನ್ನೆಯೆಲ್ಲ ಮಳೆ. ಬೆಳಿಗ್ಗೆ ಕೊಡೆ ಹಿಡಿದು ಏರಿಗೆ ಓಡಿದೆ. ಎರಡೂ ಊರಿನವರು ಆಗಲೇ ಅಲ್ಲಿದ್ದರು. ನಾವು ತುಂಬಿದ ಜಾಗದಲ್ಲಿ ಒಂದು ಹನಿಯೂ ಜಿನುಗಿಲ್ಲ, ಕೆರೆ ತುಂಬುತ್ತಾ ಬಂದಿದ್ದರೂ. ಗರಿಕೆ ಬೇರು ಹಿಡಿದಿದೆ. ಕಾರ್ಖಾನೆ ಬಸ್ಸು ತಪ್ಪಿತು. ಹದಿನೇಳು ವರ್ಷದ ಕೆಲಸದಲ್ಲಿ ಮೊದಲ ಸಲ.

೧೨ ಆಗಸ್ಟ್, ಭಾನುವಾರ

ಸೀಗೇಪಾಳ್ಯದ ಶಾಲೆಯಲ್ಲಿ ನಕ್ಷೆ ತೂಗುಹಾಕಿದರು. ಮುನಿಯಕ್ಕ ಓದು ಬಾರದವರು, ಏರಿಯ ಗೆರೆಯ ಮೇಲೆ ಬೆರಳಾಡಿಸಿ ಅದರ ಕೆಳಗೆ ನಿಲ್ಲಿಸಿ, "ಇಲ್ಲಿ ನನ್ ಬದನೆ, ಅಲ್ವಾ?" ಎಂದರು. ಸರಿಯಾಗಿ ಅಲ್ಲೇ. ಪತ್ರಿಕೆಯವರು ಮೇಷ್ಟ್ರ ಲೇಖನವನ್ನು ಕೊನೆಗೂ ಪ್ರಕಟಿಸಿದ್ದಾರೆ. ಹಿಂದಕ್ಕೆ ಕಳಿಸಿ ಎಂದು ಬರೆದಿದ್ದರಂತೆ, ತಲುಪುವುದು ತಡವಾಯಿತಂತೆ. "ಇರಲಿ ಬಿಡು, ಈಗ ಅದು ನಿಜವೇ ಆಯ್ತಲ್ಲ" ಎಂದರು.

ಕಾದಂಬರಿ ಕಪಾಟಿನ ಹಿಂದೆ ಬಿದ್ದಿತ್ತು, ಸಿಕ್ಕಿತು. ೧೧೨ನೆಯ ಪುಟ.

೨೩ ಮಾರ್ಚ್ ೧೯೮೦, ಭಾನುವಾರ

ಯುಗಾದಿ ಕಳೆದು ವಾರವಾಗಿಲ್ಲ. ಬೆಳಿಗ್ಗೆ ಕಾಫಿಗೆ ನೀರಿಟ್ಟಿದ್ದೆ. ರಾಮಾಂಜಿನಪ್ಪ, ನಲ್ಲಪ್ಪ ಇಬ್ಬರೂ ಜೊತೆಯಾಗಿ ಬಂದು ಜಗಲಿಯ ಮೇಲೆ ಕೂತರು. ಹೆಗಲಿಗೆ ಹೆಗಲು ತಾಗಿಸಿ, ಮದುವೆ ಮನೆಗೆ ಬಂದ ಬೀಗರಂತೆ.

"ಕಾರ್ಯದರ್ಶಿ ಅಮ್ಮೋರೇ, ನಿಮ್ ಕೆರೆ ಏರೀಲಿ ಎರಡು ಕಡೆ ಏಡಿ ತೂತು ಮಾಡೈತೆ" ಎಂದರು ನಲ್ಲಪ್ಪ.

"ಸಂಘದವರು ಯಾವಾಗ ಸುರು ಮಾಡ್ತೀರಾ? ಬಂದು ನೋಡ್ಕೊಂಡೋಗಣ ಅಂತ" ಎಂದರು ರಾಮಾಂಜಿನಪ್ಪ. "ಕಟ್ಟಲೆ ನಿಮಗೇ ಗೊತ್ತಲ್ಲ."

ಗೊತ್ತು ಎಂದೆ. ಹತ್ತು ತಿಂಗಳಿಂದ ಈ ದಿನಕ್ಕಾಗಿಯೇ ಕಾದಿದ್ದೆ ಎಂದು ಹೇಳಲಿಲ್ಲ. ಕಾಫಿ ಕೊಟ್ಟೆ.

"ನಮ್ಮ ಸಂಘಕ್ಕೂ ಒಂದು ಕಟ್ಟಲೆಯಿದೆ. ಎರಡು ಕ್ಷೇತ್ರಕಾರ್ಯಕ್ಕೆ ಬಂದವರು ತಾವಾಗಿಯೇ ಸದಸ್ಯರು. ನೀವಿಬ್ಬರೂ ಕಳೆದ ಮೇ ಹದಿಮೂರಕ್ಕೂ ಬಂದಿರಿ, ಇಪ್ಪತ್ತಕ್ಕೂ ಬಂದಿರಿ. ನಿಮ್ಮ ಎರಡೂ ಊರಿನವರೂ ಬಂದರು."

ಇಬ್ಬರೂ ಕಾಫಿ ಲೋಟ ಕೆಳಗಿಟ್ಟರು.

"ಅಂದ್ರೆ?" ಎಂದರು ನಲ್ಲಪ್ಪ.

"ಅಂದರೆ ಸಂಘದಲ್ಲಿ ಈಗ ಒಂಬತ್ತು ಜನ ಅಲ್ಲ. ಮನೆಗೊಂದು ಆಳು ಎಂದರೆ ಎರಡೂ ಊರಿನ ಮನೆ ಮನೆಗೂ."

ರಾಮಾಂಜಿನಪ್ಪ ನಲ್ಲಪ್ಪನವರನ್ನು ನೋಡಿದರು. "ಇದು ನಿನ್ ಐಡಿಯಾ ತಾನೇ, ಸಂಘದ ಕೆರೆ ಅಂತ?" "ನಂದಾ? ಬೀಡಿ ಸೇದ್ಕೊಂಡು ಅಂದಿದ್ದು ನೀನು!" ಬೇಲಿಯಾಚೆಯಿಂದ ಮುನಿಯಕ್ಕ ನಗುವುದು ಕೇಳಿಸಿತು. ಅವರ ಜೊತೆಗೆ ನಾನೂ ನಕ್ಕೆ. ಕೊನೆಗೆ ಅವರಿಬ್ಬರೂ.

"ಆರು ವರ್ಸ ಮಾತೇ ಆಡದೋರು, ಆಡಿದ್ರೆ ಇಂಗೆ ಆಡ್ತಾರಲ್ಲಪ್ಪ" ಎಂದು ರಾಮಾಂಜಿನಪ್ಪ ಎದ್ದರು. "ಅಂಗಾದ್ರೆ ಮುಂದಿನ ಬಾನ್ವಾರ. ಮುದ್ದೆ?"

"ನನ್ ಒಲೇಲಿ!" ಎಂದರು ಮುನಿಯಕ್ಕ, ಬೇಲಿಯಾಚೆಯಿಂದಲೇ.

ಅವರು ಹೋದ ಮೇಲೆ ಏಡಿ ತೂತು ನೋಡಿಬಂದೆ. ದೊಡ್ಡದೇನಲ್ಲ, ಒಂದು ಗಾಡಿ ಜೇಡಿ ಸಾಕು. ಉಪೇಂದ್ರರಿಗೆ ಕತ್ತರಿ ಬೇಡ, ಗುದ್ದಲಿ ತನ್ನಿ ಎಂದು ಹೇಳಬೇಕು. ನನಗೊಂದು ಗುದ್ದಲಿ ಕೊಳ್ಳಬೇಕು, ಕಾವು ಗಟ್ಟಿ ನೋಡಿ. ನಮ್ಮ ಕೆರೆಯಲ್ಲಿ ಈ ವರ್ಷ ತಾವರೆ ಬಂದಿದೆ.